ಬಾಯಿ ವಾಸನೆಗೆ ‘ಒಳ್ಳೆ ಬ್ಯಾಕ್ಟೀರಿಯಾ’ ಮಾತ್ರೆ ಬರ್ಕೊಡ್ತೀರಾ?

ನಾನು ಮಂಡ್ಯದಲ್ಲಿ ಹಲ್ಲಿನ ಡಾಕ್ಟರ್. ಕ್ಲಿನಿಕ್ಕಲ್ಲಿ, ಮದುವೆ ಮನೆಯಲ್ಲಿ, ತರಕಾರಿ ಅಂಗಡಿ ಮುಂದೆ ಈಗ ಒಂದೇ ಪ್ರಶ್ನೆ: ‘ಬಾಯಿ ವಾಸನೆಗೆ ಅದೇನೋ ಒಳ್ಳೆ ಬ್ಯಾಕ್ಟೀರಿಯಾ ಮಾತ್ರೆ ಬಂದಿದೆಯಂತಲ್ಲ, ಬರ್ಕೊಡಿ.’ ಬಾಯಿ ತೆರೆದು ತೋರಿಸದವರಿಗೆ ಬರೆದುಕೊಡುವುದಿಲ್ಲ. ಯಾಕೆ ಅಂತ ಇಲ್ಲಿ ಒಂದೇ ಸಲ ಹೇಳಿಬಿಡುತ್ತೇನೆ.

ಮಾತ್ರೆ ಸುಳ್ಳಲ್ಲ. ಸ್ಟ್ರೆಪ್ಟೊಕಾಕಸ್ ಸಲೈವೇರಿಯಸ್ ಅನ್ನೋ ಬ್ಯಾಕ್ಟೀರಿಯಾ ನಮ್ಮ ನಾಲಿಗೆ ಮೇಲೆ ತಾನಾಗೇ ಇರುತ್ತದೆ. ಅದರ ಕೆ12 ಎಂಬ ತಳಿಯನ್ನು ಬೆಳಕಿಗೆ ತಂದವರು ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಜಾನ್ ಟ್ಯಾಗ್. ಬೇರೆ ಕೆಲವು ಬ್ಯಾಕ್ಟೀರಿಯಾ ಬೆಳೆಯದಂತೆ ತಡೆಯುವ ವಸ್ತುವನ್ನು ಈ ತಳಿ ತಯಾರಿಸುತ್ತದೆ. 2006ರಲ್ಲಿ ಬಾಯಿ ವಾಸನೆ ಇದ್ದ 23 ಜನರ ಮೇಲೆ ಮಾಡಿದ ಪ್ರಯೋಗ ಪ್ರಕಟವಾಯಿತು. ಒಂದು ವಾರದಲ್ಲಿ ಕೆ12 ಮಾತ್ರೆ ಚೀಪಿದವರ ಪೈಕಿ ಶೇಕಡ 85ರಷ್ಟು ಜನರಲ್ಲಿ ವಾಸನೆಗೆ ಕಾರಣವಾದ ಗಂಧಕದ ಅನಿಲಗಳು ಚೆನ್ನಾಗಿ ಇಳಿದಿದ್ದವು. ಬ್ಯಾಕ್ಟೀರಿಯಾ ಇಲ್ಲದ ಮಾತ್ರೆ ಚೀಪಿದವರಲ್ಲಿ ಹಾಗಾಗಿದ್ದು ಶೇಕಡ 30 ಜನರಿಗೆ.

ಆದರೆ ಮಾತ್ರೆ ಕೊಡುವ ಮೊದಲು ಎಲ್ಲರಿಗೂ 3 ದಿನ ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಯಾದ ಕ್ಲೋರ್‌ಹೆಕ್ಸಿಡಿನ್‌ನಲ್ಲಿ ಬಾಯಿ ಮುಕ್ಕಳಿಸಲು ಹೇಳಿದ್ದರು. ಇದನ್ನು ಮಾತ್ರ ಯಾರೂ ಹೇಳೋದಿಲ್ಲ! ಮೊದಲೇ ಇದ್ದ ಬ್ಯಾಕ್ಟೀರಿಯಾ ತಗ್ಗದೆ ಹೊಸದು ಬಿಟ್ಟರೆ, ಕಳೆ ಕೀಳದ ಗದ್ದೆಯಲ್ಲಿ ನಾಟಿ ಮಾಡಿದ ಹಾಗೆ. ‘ಮೊಸರು ತಿಂದ್ರೆ ಸಾಲದಾ?’ ಅಂತಲೂ ಕೇಳ್ತಾರೆ. ಸಾಲದು. ಮೊಸರಿನ ಬ್ಯಾಕ್ಟೀರಿಯಾ ಬೇರೆ, ಅವು ನಾಲಿಗೆ ಮೇಲೆ ನೆಲೆ ನಿಲ್ಲುವಂಥವಲ್ಲ.

ನನಗೆ ಕೋಪ ಬರೋದು ಮಾತ್ರೆ ಬಗ್ಗೆ ಅಲ್ಲ, ಕೇಳುವ ರೀತಿ ಬಗ್ಗೆ. ಒಂದು ಬೀಗರೂಟದಲ್ಲಿ ಎದುರಿಗೆ ಕೂತಿದ್ದ ಹೆಂಗಸು, ಪಂಕ್ತಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ‘ಡಾಕ್ಟ್ರಮ್ಮ, ನಮ್ಮ ಸೊಸೆ ಬಾಯಿ ತಗದ್ರೆ ಹತ್ರ ನಿಲ್ಲಕ್ಕಾಗಲ್ಲ, ಆ ಮಾತ್ರೆ ಬರ್ಕೊಡಿ’ ಅಂದರು. ಸೊಸೆ ಪಕ್ಕದಲ್ಲೇ ಕೂತಿದ್ದಳು. 5 ತಿಂಗಳ ಬಸುರಿ. ಅದಾದ ಮೇಲೆ ಅವಳು ಒಂದು ಮಾತೂ ಆಡಲಿಲ್ಲ. ‘ಅವರನ್ನೇ ನಾಳೆ ಕ್ಲಿನಿಕ್ಕಿಗೆ ಕಳಿಸಿ, ಒಬ್ಬರನ್ನೇ’ ಅಂದೆ. ದನಿ ಸ್ವಲ್ಪ ಜಾಸ್ತಿಯೇ ಆಯಿತು. ಆಗಲಿ.

ಮಾರನೇ ದಿನ ಬಂದಳು. (ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.) ವಸಡು ಊದಿ ಕೆಂಪಗಾಗಿತ್ತು. ಬ್ರಷ್ ತಾಗಿದರೆ ರಕ್ತ ಬರುತ್ತೆ ಅಂತ ಉಜ್ಜೋದನ್ನೇ ಬಿಟ್ಟಿದ್ದಳು. ಬಸುರಿಯಲ್ಲಿ ಹಾರ್ಮೋನು ಏರುವುದರಿಂದ ಸ್ವಲ್ಪ ಪಾಚಿ ಕಟ್ಟಿದರೂ ವಸಡು ಊದುತ್ತದೆ. ಉಜ್ಜೋದು ಬಿಟ್ಟರೆ ಪಾಚಿ ಇನ್ನೂ ಕಟ್ಟುತ್ತದೆ, ರಕ್ತ ಇನ್ನೂ ಜಾಸ್ತಿ ಬರುತ್ತದೆ. ವಾಸನೆ ಬರದೇ ಇರುತ್ತಾ? ಕ್ಲೀನಿಂಗ್ ಮಾಡಿದೆ, ಮೆತ್ತನೆ ಬ್ರಷ್ ಹಿಡಿಯೋದು ತೋರಿಸಿದೆ, ನಾಲಿಗೆಯ ಹಿಂಭಾಗ ಕೆರೆಯೋದು ಹೇಳಿಕೊಟ್ಟೆ. ವಾಸನೆ ಹೋಯಿತು. ಮಾತ್ರೆಯ ಮಾತೇ ಬರಲಿಲ್ಲ.

‘ವಸಡಲ್ಲಿ ರಕ್ತ ಬರ್ತಿದೆ, ಏನು ಮಾಡ್ಲಿ?’ ಅಂತ ಯಾಕೆ ಯಾರೂ ಕೇಳಲ್ಲ? ಈ ಪ್ರಶ್ನೆಗೆ ನಾನು ಊಟದ ಎಲೆ ಬಿಟ್ಟು ಎದ್ದು ಬಂದು ಉತ್ತರ ಹೇಳುತ್ತೇನೆ. ಬಾಯಿ ವಾಸನೆ ಇರುವ 10 ಜನರಲ್ಲಿ 8–9 ಜನಕ್ಕೆ ಮೂಲ ಬಾಯಲ್ಲೇ ಇರುತ್ತದೆ, ಹೊಟ್ಟೆಯಲ್ಲಲ್ಲ. ಹುಳುಕು, ವಸಡು, ನಾಲಿಗೆ ಎಲ್ಲ ಸರಿ ಮಾಡಿದ ಮೇಲೂ ವಾಸನೆ ಉಳಿದರೆ ಆಗ ಕೆ12 ಬಗ್ಗೆ ನಾನೇ ಹೇಳುತ್ತೇನೆ.

ಬಸುರಿಯರಿಗೆ ಹಲ್ಲಿನ ಡಾಕ್ಟರ್ ಬೇಡ ಅಂತ ಮನೆಯಲ್ಲಿ ತಡೆಯಬೇಡಿ. ಕ್ಲೀನಿಂಗಿಗೆ 4ರಿಂದ 6ನೇ ತಿಂಗಳು ಅನುಕೂಲ. ವಾಂತಿ ಆದ ತಕ್ಷಣ ಹಲ್ಲುಜ್ಜಬೇಡಿ, ಆಮ್ಲಕ್ಕೆ ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತದೆ. ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಬಿಟ್ಟು ಉಜ್ಜಿ.