22 ಅಡಿಯ ನ್ಯಾಟ್, 37 ಅಡಿಯ ಸೇಬರ್

ನಮ್ಮ ಗಣಿತದ ಮಾಸ್ತರರು ತೀರಿಕೊಂಡ ಸುದ್ದಿ ಹೋದ ತಿಂಗಳು ಗೆಳೆಯನ ಫೋನಿನಿಂದ ತಿಳಿಯಿತು. ಬೆಂಗಳೂರಿನಿಂದ ರಾತ್ರಿಯ ಬಸ್ಸು ಹಿಡಿದು ಬೀದರ್ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಪಡಸಾಲೆಯ ಗೋಡೆಯ ಮೊಳೆಗೆ ಅವರ ಮರದ ಕೈವಾರ ಇನ್ನೂ ನೇತಾಡುತ್ತಿತ್ತು. ಒಂದು ಕಾಲಿಗೆ ಸೀಮೆಸುಣ್ಣ ಸಿಕ್ಕಿಸುವ ಹಿತ್ತಾಳೆಯ ಬಳೆ, ಇನ್ನೊಂದಕ್ಕೆ ಸವೆದ ಮುಳ್ಳು. ಅದನ್ನು ಕಂಡದ್ದೇ ತಡ, 1971ರ ಡಿಸೆಂಬರ್ ಕಣ್ಣೆದುರು ಬಂದು ನಿಂತಿತು.

ಆಗ ನಾನು ಎಂಟನೆಯ ತರಗತಿ. ಬೀದರಿನ ಹುಡುಗರಿಗೆ ವಿಮಾನ ಹೊಸದಲ್ಲ. ವಾಯುನೆಲೆಯಲ್ಲಿ ಹಾರಾಟ ಕಲಿಯುವವರ ಎಚ್‌ಟಿ-2 ವಿಮಾನಗಳು ಬೆಳಗಿನಿಂದಲೇ ಊರಿನ ಮೇಲೆ ಸುತ್ತುತ್ತಿದ್ದವು. ಬೆಂಗಳೂರಿನಲ್ಲಿ ವಿಮಾನ ವಿನ್ಯಾಸಕ ಘಾಟಗೆಯವರು ರೂಪಿಸಿ, 1951ರ ಆಗಸ್ಟ್‌ನಲ್ಲಿ ಮೊದಲು ಹಾರಿದ ವಿಮಾನ ಅದು. ಕೆಳಗಿಳಿದು ಬಂದಾಗ ಗಾಜಿನೊಳಗೆ ಒಂದರ ಹಿಂದೊಂದು ಎರಡು ತಲೆ ಕಾಣುತ್ತಿದ್ದವು, ಕಲಿಯುವವನದೊಂದು, ಕಲಿಸುವವನದೊಂದು. ತೊಗರಿ ಹೊಲದ ಬದುವಿನ ಮೇಲೆ ನಿಂತು ನಾವು ಕೈ ಬೀಸುತ್ತಿದ್ದೆವು. ಆ ಹೊತ್ತಿನಲ್ಲಿ ತರಗತಿಯಲ್ಲಿ ಏನು ಪಾಠ ನಡೆಯುತ್ತಿತ್ತೋ, ಇವತ್ತಿಗೂ ನನಗೆ ನೆನಪಿಲ್ಲ.

ಡಿಸೆಂಬರ್ 3ರಂದು ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ಗಡಿ ಎಲ್ಲಿ, ಬೀದರ್ ಎಲ್ಲಿ! ಆದರೂ ಅವ್ವ ಕಿಟಕಿಗೆ ಕಂಬಳಿ ಕಟ್ಟಿ, ಕಂದೀಲಿನ ಬತ್ತಿ ಸಣ್ಣದು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ನೆರೆಮನೆಯ ರೇಡಿಯೋ ಮುಂದೆ ಓಣಿಯೆಲ್ಲ ಕೂಡುತ್ತಿತ್ತು. ಮಾಸ್ತರರು ಹೈದರಾಬಾದಿನಿಂದ ಬರುವ ಪತ್ರಿಕೆಗಳಲ್ಲಿನ ಚಿತ್ರ ನೋಡಿ, ನಮ್ಮ ಯುದ್ಧವಿಮಾನಗಳಾದ ನ್ಯಾಟ್, ಹಂಟರ್, ಮಾರುತ, ಅವರ ಸೇಬರ್, ಸ್ಟಾರ್‌ಫೈಟರ್‌ಗಳ ಆಕಾರವನ್ನು ಬೋರ್ಡಿನ ಮೇಲೆ ಬಿಡಿಸಿ ಗುರುತು ಹಿಡಿಯಲು ಕಲಿಸಿದರು. ಅದೇ ನಮ್ಮ ರೇಖಾಗಣಿತವಾಯಿತು.

ಒಂದು ಮಧ್ಯಾಹ್ನ ನಾನೂ ಬಿದರಿ ಕೆಲಸಗಾರರ ಮನೆಯ ನನ್ನ ಗೆಳೆಯನೂ ಸೇರಿ, ಹೊಸದಾಗಿ ಸುಣ್ಣ ಬಳಿದ ಶಾಲೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಆಳೆತ್ತರದ ಸೇಬರ್ ಬರೆದು, ಅದರ ಬಾಲಕ್ಕೆ ಬೆಂಕಿ ಹಚ್ಚಿದ ಚಿತ್ರ ಮಾಡಿದೆವು. ಅಪ್ಪನ ಉಳಿಯ ಕೆಲಸ ನೋಡಿ ಬೆಳೆದವನಿಗೆ ಗೆರೆ ನಡುಗುತ್ತಿರಲಿಲ್ಲ. ಮಾಸ್ತರರು ಬಂದರು. ಇಬ್ಬರ ಅಂಗೈಗೂ ಎರಡೆರಡು ಏಟು ಬಿದ್ದವು. ಆಮೇಲೆ ಗೋಡೆಯ ಹತ್ತಿರ ಹೋಗಿ ಬಹಳ ಹೊತ್ತು ನೋಡಿದರು.

“ಈ ಸೇಬರ್ ಹಾರುವುದಿಲ್ಲ ತಮ್ಮಾ. ರೆಕ್ಕೆ 35 ಡಿಗ್ರಿ ಹಿಂದಕ್ಕೆ ಬಾಗಿರಬೇಕು. ಕೋನಮಾಪಕ ಎಲ್ಲಿದೆ?”

ಮರುದಿನ ನಮಗೆ ಕೊಟ್ಟ ಶಿಕ್ಷೆ ನನ್ನ ಬಾಳಿನಲ್ಲಿ ಸಿಕ್ಕ ದೊಡ್ಡ ಬಹುಮಾನ. ಗೋಡೆಗೆ ಸುಣ್ಣ ಬಳಿದ ಮೇಲೆ, ಉಳಿದ ಸುಣ್ಣದಲ್ಲಿ ಮೈದಾನದ ಕೆಂಪು ಮಣ್ಣಿನ ಮೇಲೆ ಎರಡೂ ವಿಮಾನಗಳನ್ನು ನಿಜವಾದ ಅಳತೆಯಲ್ಲಿ ಬರೆಯಬೇಕು. ಹಗ್ಗ ಎಳೆದು, ಗೂಟ ಹೊಡೆದು ಬರೆದೆವು. ಸೇಬರ್ ರೆಕ್ಕೆಯ ತುದಿಯಿಂದ ತುದಿಗೆ 37 ಅಡಿ, ನ್ಯಾಟ್ ಬರೀ 22. “ನ್ಯಾಟ್ ನಮ್ಮ ತರಗತಿಯೊಳಗೆ ಹಿಡಿಸುತ್ತದೆ!” ಎಂದು ಗೆಳೆಯ ಕೂಗಿದ. ಸೇಬರ್‌ಗಳನ್ನು ಹೊಡೆದುರುಳಿಸಿದ ವಿಮಾನ ಇಷ್ಟು ಚಿಕ್ಕದೆಂದು ನಮಗೆ ಆ ಮೈದಾನವೇ ಹೇಳಿತು. ಸಂಜೆ ಒಂದು ಎಚ್‌ಟಿ-2 ನಮ್ಮ ಮೇಲೆ ಹಾದು, ತಿರುಗಿ ಬಂದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ರೆಕ್ಕೆ ತೂಗಿಸಿ ಹೋಯಿತು. ಆ ಪೈಲಟ್ ಯಾರೋ ಎಂದೂ ತಿಳಿಯಲಿಲ್ಲ. ನಾನು ಬೆಂಗಳೂರಿನ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ 33 ವರ್ಷ ದುಡಿದು, ನಮ್ಮ ಓಣಿಯ ಮೊದಲ ಎಂಜಿನಿಯರ್ ಎನಿಸಿಕೊಂಡದ್ದಕ್ಕೆ ಬೀಜ ಬಿದ್ದದ್ದು ಆ ಸಂಜೆಯೇ.

ಮಾಸ್ತರರಿಗೆ ಮಾತ್ರ ಒಂದು ಕೊರಗಿತ್ತು. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ನಮ್ಮ ಮಿಸ್ಟೇರ್ ವಿಮಾನಗಳಲ್ಲಿ ಒಂದು ಮರಳಿರಲಿಲ್ಲ. ಅದರಲ್ಲಿದ್ದವರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ. ಮೀಸಲಾಗಿ ಇರಿಸಿದ್ದ ಅವರು ಬೇರೊಬ್ಬರ ಬದಲಿಗೆ ಹೋಗಿದ್ದರು. “ಏನಾಯಿತೆಂದೇ ಗೊತ್ತಿಲ್ಲ. ಉತ್ತರ ಸಿಗದ ಲೆಕ್ಕ ಇದು” ಎಂದು ಮಾಸ್ತರರು ಬೋರ್ಡಿನ ಮೂಲೆಯಲ್ಲಿ ದೇವಯ್ಯನವರ ಹೆಸರು ಬರೆದಿಟ್ಟಿದ್ದರು. ವರ್ಷವಿಡೀ ಅದನ್ನು ಒರೆಸಗೊಡಲಿಲ್ಲ.

ಈಗ ಬೀದರಿನ ಆಕಾಶದಲ್ಲಿ ಹಾಕ್ ತರಬೇತಿ ವಿಮಾನಗಳಿವೆ. 1996ರಲ್ಲಿ ಇಲ್ಲಿಯೇ ಹುಟ್ಟಿದ, ವಾಯುಪಡೆಯ ಕಸರತ್ತಿನ ಸೂರ್ಯಕಿರಣ ತಂಡವಿದೆ. ಕಳೆದ ತಿಂಗಳು ಶಾಲೆಗೂ ಹೋಗಿದ್ದೆ. ತಲೆಯ ಮೇಲೆ ವಿಮಾನ ಹಾದರೂ ಹುಡುಗರು ಗೈಡಿನಿಂದ ಉತ್ತರ ನಕಲು ಮಾಡುತ್ತಿದ್ದರು, ಒಬ್ಬನೂ ಕತ್ತೆತ್ತಲಿಲ್ಲ. ಮಕ್ಕಳ ತಪ್ಪಲ್ಲ. ಮೈದಾನಕ್ಕೆ ಕರೆದೊಯ್ಯಲು ಇಂದಿನ ಶಿಕ್ಷಕರಿಗೆ ನಾವು ಬಿಡುವು ಕೊಟ್ಟಿಲ್ಲ. ಅದು ನನಗೆ ನೋವು.

1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ತಮ್ಮ ವಿಮಾನಕ್ಕೆ ಏಟು ಬಿದ್ದ ಮೇಲೂ ಅವರು ತಿರುಗಿ ಹೋರಾಡಿ, ಬೆನ್ನಟ್ಟಿ ಬಂದ ಸ್ಟಾರ್‌ಫೈಟರನ್ನು ಕೆಡವಿದ್ದರೆಂಬುದು ಅಷ್ಟು ವರ್ಷಗಳ ನಂತರ ಬೆಳಕಿಗೆ ಬಂದಿತ್ತು. ಪತ್ರಿಕೆ ಹಿಡಿದುಕೊಂಡು ಊರಿಗೆ ಓಡಿ ಬಂದೆ. ಮಾಸ್ತರರು ನನ್ನಿಂದ ಎರಡು ಸಲ ಓದಿಸಿದರು. “ಯಾವುದು ಎಷ್ಟು ವೇಗ?” ಎಂದರು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ್ದು, ಮಿಸ್ಟೇರ್ ನೇರ ಹಾರಾಟದಲ್ಲಿ ಶಬ್ದವನ್ನು ಮುಟ್ಟದು ಎಂದೆ. ಅವರು ಪತ್ರಿಕೆಯ ಅಂಚಿನ ಮೇಲೆ ಕೈವಾರ ಊರಿ, ಒಂದರೊಳಗೊಂದು ಎರಡು ವೃತ್ತ ಎಳೆದರು.

“ರೆಕ್ಕೆ ಅಷ್ಟೇ ವಾಲಿಸಿ ತಿರುಗಿದರೆ, ವೇಗ ಇಮ್ಮಡಿಯಾದಾಗ ತ್ರಿಜ್ಯ ನಾಲ್ಮಡಿ. ವೇಗದವನು ಹೊರಗೆ ಸುತ್ತುತ್ತಾನೆ. ಇವರು ಒಳಗೆ ತಿರುಗಿರಬೇಕು.”

ಆ ಪತ್ರಿಕೆ ನನ್ನ ಬಳಿ ಇದೆ. ಕೈವಾರದ ಮುಳ್ಳನ್ನು ಅದೆಷ್ಟು ಒತ್ತಿದ್ದರೋ, ಕಾಗದ ತೂತಾಗಿದೆ. ಚಿಕ್ಕ ವೃತ್ತದೊಳಗೆ, ಆ ತೂತಿನ ಪಕ್ಕದಲ್ಲಿ, ಬೋರ್ಡಿನ ಮೇಲಿದ್ದ ಅದೇ ದುಂಡನೆಯ ಅಕ್ಷರದಲ್ಲಿ ದೇವಯ್ಯ ಎಂದು ಬರೆದಿದ್ದಾರೆ.