ಬಿಚ್ಚಿದ ಮೇಲೂ ಉಳಿಯುವ ನೌಕೆ

ಲೆಗೊ ಬ್ರಿಕ್‌ಗಳಿಂದ ಬಾಹ್ಯಾಕಾಶ ನೌಕೆ ಕಟ್ಟುವವರು ಎಲ್ಲೇ ಸೇರಲಿ, ಸ್ವಲ್ಪ ಹೊತ್ತಿಗೆ ಮಾತು ಗ್ಯಾಲಕ್ಸಿ ಎಕ್ಸ್‌ಪ್ಲೋರರ್ ಕಡೆಗೆ ತಿರುಗುತ್ತದೆ. 1979ರಲ್ಲಿ ಬಂದ ಈ ಸೆಟ್‌ಗೆ ಯುರೋಪಿನಲ್ಲಿ 928 ಎಂಬ ಸಂಖ್ಯೆಯಿತ್ತು, ಅಮೆರಿಕದಲ್ಲಿ 497. ಬಿಡಿಭಾಗಗಳು 340ರ ಆಸುಪಾಸು. ಇಂದಿನ ಲೆಕ್ಕದಲ್ಲಿ ಇದು ಮಧ್ಯಮ ಗಾತ್ರದ ಸೆಟ್ಟೂ ಅಲ್ಲ. ನೀಲಿ ಮತ್ತು ಬೂದು ಬಣ್ಣದ ಒಡಲು, ಹಳದಿ ಛಾಯೆಯ ಪಾರದರ್ಶಕ ಕಿಟಕಿಗಳು, ಮೂತಿಯ ಕಡೆಗೆ ಚೂಪಾಗುತ್ತ ಹೋಗುವ ರೆಕ್ಕೆಗಳು, ಹಿಂಬದಿಯ ಬಾಗಿಲು ತೆರೆದರೆ ಹೊರಗೆ ಉರುಳಿಬರುವ ಒಂದು ಪುಟ್ಟ ವಾಹನ. ಇಷ್ಟೇ ಇದ್ದ ಆಟಿಕೆಯೊಂದು ನಾಲ್ಕು ದಶಕಗಳ ನಂತರವೂ ಇಷ್ಟೊಂದು ಜನರನ್ನು ಹಿಡಿದಿಟ್ಟುಕೊಂಡಿದೆ. ಇದಕ್ಕೆ ಬಾಲ್ಯದ ನೆನಪೊಂದೇ ಕಾರಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಲೆಗೊ ಇರಲೇ ಇಲ್ಲ. ಕೆಲಸಕ್ಕೆ ಸೇರಿದ ಮೇಲೆ ನನ್ನದೇ ದುಡಿಮೆಯಲ್ಲಿ ಕೊಂಡು ಕಟ್ಟಲು ಕಲಿತವನು ನಾನು. ಆದರೂ ಈ ನೌಕೆ ನನ್ನನ್ನು ಅಷ್ಟೇ ಗಟ್ಟಿಯಾಗಿ ಹಿಡಿದಿದೆ. ಕಾರಣ ಅದರ ಕಟ್ಟಡದಲ್ಲಿಯೇ ಇದೆ ಎಂಬುದು ನನ್ನ ನಂಬಿಕೆ.

ಲೆಗೊ ಕಂಪನಿ ಡೆನ್ಮಾರ್ಕಿನ ಬಿಲ್ಲುಂಡ್ ಊರಿನದು. ಮೇಲಿನ ದುಂಡನೆಯ ಉಬ್ಬು, ಅಂದರೆ ಸ್ಟಡ್, ಮತ್ತು ಕೆಳಗಿನ ಟೊಳ್ಳು ಕೊಳವೆ, ಅಂದರೆ ಟ್ಯೂಬು, ಒಂದನ್ನೊಂದು ಹಿಡಿದುಕೊಳ್ಳುವ ಇಂದಿನ ಬ್ರಿಕ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದು 1958ರ ಜನವರಿಯಲ್ಲಿ. ಅದಾದ 20 ವರ್ಷಗಳಿಗೆ, ಅಂದರೆ 1978ರಲ್ಲಿ, ಕೈಕಾಲು ಆಡಿಸಬಲ್ಲ ಸುಮಾರು ನಾಲ್ಕು ಸೆಂಟಿಮೀಟರ್ ಎತ್ತರದ ಪುಟ್ಟ ಬೊಂಬೆ ಬಂತು. ಅದರ ಜೊತೆಗೇ ಇಂದು ನಾವು ಕ್ಲಾಸಿಕ್ ಸ್ಪೇಸ್ ಎಂದು ಕರೆಯುವ ಸರಣಿಯೂ ಬಂತು. ಎರಡರ ಹಿಂದೆಯೂ ಇದ್ದ ವಿನ್ಯಾಸಕಾರ ಯೆನ್ಸ್ ನ್ಯೂಗೋರ್ ಕ್ನೂಡ್ಸನ್. 2020ರಲ್ಲಿ ಅವರು ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳು ಅವರನ್ನು ಬೊಂಬೆಯ ಜನಕ ಎಂದು ಸ್ಮರಿಸಿದವು. ನೌಕೆ ಕಟ್ಟುವ ನಮ್ಮಂಥವರಿಗೆ ಅವರು ಅದಕ್ಕಿಂತ ದೊಡ್ಡವರು. ನಮಗೊಂದು ಇಡೀ ಆಕಾಶವನ್ನೇ ತೆರೆದುಕೊಟ್ಟವರು ಅವರು.

ಆ ಸರಣಿಗೆ ಕಥೆಯೆಂಬುದು ಇರಲಿಲ್ಲ. ಕೆಂಪು ಮತ್ತು ಬಿಳಿ ಉಡುಪಿನ ಗಗನಯಾತ್ರಿಗಳು ಮೊದಲು ಬಂದರು, ಮರುವರ್ಷ ಹಳದಿ, 1984ರಲ್ಲಿ ನೀಲಿ ಮತ್ತು ಕಪ್ಪು. ಎಲ್ಲರ ಎದೆಯ ಮೇಲೂ ಒಂದೇ ಚಿನ್ನದ ಬಣ್ಣದ ಲಾಂಛನ, ಎಲ್ಲರ ಮುಖದಲ್ಲೂ ಒಂದೇ ಮುಗುಳ್ನಗೆ. ಯಾವ ಬಣ್ಣದವರು ಯಾವ ಕೆಲಸದವರು ಎಂದು ಪೆಟ್ಟಿಗೆಯ ಮೇಲೆ ಬರೆದಿರಲಿಲ್ಲ. ಶತ್ರುವೂ ಇರಲಿಲ್ಲ, ಯುದ್ಧವೂ ಇರಲಿಲ್ಲ. ಯುದ್ಧದ ಆಟಿಕೆ ಮಾಡುವುದಿಲ್ಲ ಎಂಬ ಕಂಪನಿಯ ಹಳೆಯ ನಿಲುವು ಈ ನೌಕೆಗಳಲ್ಲಿ ಎದ್ದು ಕಾಣುತ್ತದೆ. ಅವು ಹೊರಟಿದ್ದು ನೋಡುವುದಕ್ಕೆ, ಅಳೆಯುವುದಕ್ಕೆ, ನೆಲೆ ಕಟ್ಟುವುದಕ್ಕೆ.

ನನ್ನ ಅಕ್ಕನ ಮಗಳು ಒಮ್ಮೆ ಮನೆಗೆ ಬಂದಾಗ ಶೆಲ್ಫಿನಲ್ಲಿದ್ದ ಗ್ಯಾಲಕ್ಸಿ ಎಕ್ಸ್‌ಪ್ಲೋರರ್‌ನ ಹೊಸ ಆವೃತ್ತಿಯನ್ನು ನೋಡಿ, "ಮಾಮ, ಇದು ಯಾವ ಪಿಕ್ಚರ್‌ದು?" ಎಂದು ಕೇಳಿದಳು. ಯಾವ ಪಿಕ್ಚರ್‌ದೂ ಅಲ್ಲ ಎಂದೆ. "ಹಂಗಾದ್ರೆ ಇವ್ರೆಲ್ಲ ಯಾರು?" ಎಂದಳು. ಗೊತ್ತಿಲ್ಲ, ನೀನೇ ಹೇಳು ಪುಟ್ಟಿ ಎಂದೆ. ಅವಳು ಒಳಗಿನ ಪುಟ್ಟ ಹಾಸಿಗೆಗಳನ್ನು ನೋಡಿ, ಬಿಳಿ ಉಡುಪಿನವನನ್ನು ಮಲಗಿಸಿ, ಇವನಿಗೆ ರಾತ್ರಿ ಪಾಳಿ ಇತ್ತು, ಎಬ್ಬಿಸಬಾರದು ಎಂದು ತೀರ್ಮಾನಿಸಿದಳು. ಕೆಂಪು ಉಡುಪಿನವಳು ಮೆಕ್ಯಾನಿಕ್, ಅವಳ ಬಳಿ ಮಾತ್ರ ವಾಹನದ ಕೀಲಿ ಇರುತ್ತದೆ. ಸಿನಿಮಾದ ನೌಕೆಯ ಎದುರು ಕೂತ ಮಗು ಹೀಗೆ ಮಾಡುವುದು ಕಡಿಮೆ. ಅಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ.

ಸಿನಿಮಾದ ನೌಕೆಗಳು ಲೆಗೊಗೆ ಬಂದದ್ದು 1999ರಲ್ಲಿ, ಸ್ಟಾರ್ ವಾರ್ಸ್ ಸರಣಿಯೊಂದಿಗೆ. ಹೆಸರಿನಲ್ಲೇ ಯುದ್ಧವಿದ್ದ ಸರಣಿಗೆ ಕಂಪನಿಯೊಳಗೇ ವಿರೋಧವಿತ್ತು ಎಂಬುದು ದಾಖಲಾದ ವಿಷಯ. ಕೊನೆಗೆ ಆ ಸರಣಿಯೇ ಕಂಪನಿಯ ದೊಡ್ಡ ಆಧಾರಗಳಲ್ಲಿ ಒಂದಾಯಿತು. ಸಂಗ್ರಾಹಕರೆಂಬ ಹೊಸ ವರ್ಗವನ್ನು ಹುಟ್ಟುಹಾಕಿದ್ದರಲ್ಲಿಯೂ ಅದರ ಪಾಲು ದೊಡ್ಡದು. ಆ ಸಿನಿಮಾಗಳ ನೌಕೆ ಮಿಲೇನಿಯಮ್ ಫಾಲ್ಕನ್‌ನ 2007ರ ಸೆಟ್‌ನಲ್ಲಿ 5,000ಕ್ಕೂ ಹೆಚ್ಚು ಬಿಡಿಭಾಗಗಳಿದ್ದವು. 2017ರ ಆವೃತ್ತಿಯಲ್ಲಿ, ಅಂದರೆ 75192 ಸಂಖ್ಯೆಯ ಸೆಟ್‌ನಲ್ಲಿ, 7,541. ಕಟ್ಟಿ ಮುಗಿಸಿದಾಗ 84 ಸೆಂಟಿಮೀಟರ್ ಉದ್ದ, 56 ಸೆಂಟಿಮೀಟರ್ ಅಗಲ. ಅದನ್ನು ಇಡಲು ಮನೆಯಲ್ಲಿ ಒಂದು ಮೇಜನ್ನೇ ಬಿಟ್ಟುಕೊಡಬೇಕು.

ಸ್ನೇಹಿತರೊಬ್ಬರ ಮನೆಯಲ್ಲಿ ಆ ಫಾಲ್ಕನ್ ಕಟ್ಟುವಾಗ ನಾನೂ ಜೊತೆಗಿದ್ದೆ. ಅದರ ಹೊರಮೈಯನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಹಿಡಿಸಿದ್ದು ಒಳಗಿನ ಅಸ್ಥಿಪಂಜರ. ಟೆಕ್ನಿಕ್ ತೊಲೆಗಳನ್ನು, ಅಂದರೆ ಸಾಲಾಗಿ ತೂತುಗಳಿರುವ ಉದ್ದನೆಯ ತುಂಡುಗಳನ್ನು, ಪಿನ್ನುಗಳಿಂದ ಬಿಗಿದು ಮೊದಲು ಒಂದು ಚೌಕಟ್ಟು ಎಬ್ಬಿಸಬೇಕು. ಆ ಹಂತದಲ್ಲಿ ಅದು ನೌಕೆಯಂತೆ ಕಾಣುವುದೇ ಇಲ್ಲ. ಆಮೇಲೆ ಹೊರಗಿನ ಬೂದು ಫಲಕಗಳನ್ನು ಒಂದೊಂದಾಗಿ, ಓರೆಯಾಗಿ, ಆ ಚೌಕಟ್ಟಿಗೆ ತಗುಲಿಸುತ್ತ ಹೋಗಬೇಕು. ಫಲಕಗಳು ಭಾರ ಹೊರುವುದಿಲ್ಲ, ಚೌಕಟ್ಟು ಕಣ್ಣಿಗೆ ಬೀಳುವುದಿಲ್ಲ. ಎಲ್ಲ ದೊಡ್ಡ ನೌಕೆಗಳ ಗುಟ್ಟೂ ಇದೇ. ಇಷ್ಟನ್ನು ಕೈಯಾರೆ ಕಲಿಯಲು ಅಂಥ ಸೆಟ್‌ಗಿಂತ ಒಳ್ಳೆಯ ಗುರು ಇಲ್ಲ ಎಂಬುದನ್ನು ನಾನು ಪ್ರೀತಿಯಿಂದಲೇ ಒಪ್ಪುತ್ತೇನೆ. ಆದರೆ ಫಾಲ್ಕನ್ ಕಟ್ಟಿದವರು ಅದನ್ನು ಬಿಚ್ಚುವುದಿಲ್ಲ. ಒಮ್ಮೆ ಕಟ್ಟಿದರೆ ಅದು ಹಾಗೆಯೇ ನಿಂತುಬಿಡುತ್ತದೆ. ಯಾವುದೇ ನೌಕೆಯ ಸೆಟ್ ಎಷ್ಟು ಒಳ್ಳೆಯದು ಎಂಬುದನ್ನು ನಾನು ಅಳೆಯುವುದು ಅದನ್ನು ಬಿಚ್ಚಿ ಹರಡಿದ ಮೇಲೆ: ಆ ರಾಶಿಯಿಂದ ಇನ್ನೊಂದು ನೌಕೆ ಏಳುತ್ತದೆಯೇ, ಮತ್ತು ಅದನ್ನು ಎಬ್ಬಿಸುವ ವಿದ್ಯೆ ಮೊದಲ ಕಟ್ಟುವಿಕೆಯಲ್ಲೇ ನಮ್ಮ ಕೈಗೆ ಬಂದಿದೆಯೇ?

ಆ ವಿದ್ಯೆ ಏನೆಂದು ಸ್ವಲ್ಪ ವಿವರವಾಗಿ ಹೇಳಬೇಕು. ಲೆಗೊದಲ್ಲಿ ಒಂದು ಸ್ಟಡ್‌ನ ನಡುವಿನಿಂದ ಪಕ್ಕದ ಸ್ಟಡ್‌ನ ನಡುವಿಗೆ 8 ಮಿಲಿಮೀಟರ್. ಬ್ರಿಕ್‌ನ ಎತ್ತರ 9.6 ಮಿಲಿಮೀಟರ್, ತೆಳುವಾದ ಪ್ಲೇಟ್‌ನದು 3.2. ಹಾಗಾಗಿ ಮೂರು ಪ್ಲೇಟ್ ಸೇರಿದರೆ ಒಂದು ಬ್ರಿಕ್ ಎಂಬುದು ಎಲ್ಲರಿಗೂ ಬೇಗ ತಿಳಿಯುತ್ತದೆ. ಐದು ಪ್ಲೇಟ್ ಒಂದರ ಮೇಲೊಂದು ಇಟ್ಟರೆ 16 ಮಿಲಿಮೀಟರ್, ಅಂದರೆ ಸರಿಯಾಗಿ ಎರಡು ಸ್ಟಡ್ ಅಗಲ, ಎಂಬುದು ತಿಳಿದ ದಿನ ಮಾತ್ರ ಕಟ್ಟುವವರ ಕೈ ಬದಲಾಗುತ್ತದೆ. ಚುಕ್ಕಿ ರಂಗೋಲಿಯಲ್ಲಿ ಯಾವ ಗೆರೆ ಎಲ್ಲಿ ತಿರುಗಬಹುದು ಎಂಬುದನ್ನು ಚುಕ್ಕಿಗಳೇ ತೀರ್ಮಾನಿಸುವ ಹಾಗೆ, ಇಲ್ಲಿಯೂ ಈ ಅಳತೆಗಳೇ ಎಲ್ಲಕ್ಕೂ ಒಪ್ಪಿಗೆ ಕೊಡಬೇಕು. ನೌಕೆಯ ಪಕ್ಕದ ಗೋಡೆಯನ್ನು ಅಡ್ಡಡ್ಡವಾಗಿ ಕಟ್ಟಿ ಒಡಲಿಗೆ ಅಂಟಿಸಿದರೂ ಕೂದಲೆಳೆಯಷ್ಟು ಸಂದು ಉಳಿಯದಿರುವುದು ಈ ಐದು ಮತ್ತು ಎರಡರ ಹೊಂದಾಣಿಕೆಯಿಂದ. ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಸೇರಿಸಿ ಇದಕ್ಕೆ ಸ್ನಾಟ್ ಎನ್ನುತ್ತಾರೆ. ಸ್ಟಡ್‌ಗಳು ಮೇಲ್ಮುಖವಾಗಿಲ್ಲದ ಕಟ್ಟಡ.

ಪಕ್ಕಕ್ಕೆ ತಿರುಗಿಸಲು ಬೇಕಾದ ಬಿಡಿಭಾಗಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಹೆಡ್‌ಲೈಟ್ ಬ್ರಿಕ್. ಅದನ್ನು ರೂಪಿಸಿದ ವಿನ್ಯಾಸಕಾರರ ಹೆಸರಿನಿಂದ ಎರ್ಲಿಂಗ್ ಎಂದೂ ಕರೆಯುತ್ತಾರೆ. ಒಂದು ಸ್ಟಡ್ ಅಗಲದ ಪುಟ್ಟ ಬ್ರಿಕ್. ಮೇಲೊಂದು ಸ್ಟಡ್, ಮುಂದಿನ ಮುಖದಲ್ಲಿ ತುಸು ಒಳಕ್ಕೆ ಸರಿದ ಇನ್ನೊಂದು, ಹಿಂದೆ ಚೌಕದ ತೂತು. ಮುಂದಿನ ಸ್ಟಡ್‌ ಒಳಕ್ಕೆ ಸರಿದಿರುವುದರಿಂದ ಅಲ್ಲಿ ಕೂರಿಸಿದ ಫಲಕ ಗೋಡೆಯಿಂದ ಹೆಚ್ಚು ಹೊರಚಾಚುವುದಿಲ್ಲ. ಹೆಸರೇ ಹೇಳುವಂತೆ ವಾಹನದ ದೀಪ ಕೂರಿಸಲೆಂದು ಇರುವ ಈ ತುಂಡನ್ನು ನೌಕೆ ಕಟ್ಟುವವರು ಎಂಜಿನ್ನಿನ ಬಾಯಿಗೆ, ಕಿಟಕಿಯ ಚೌಕಟ್ಟಿಗೆ, ರೆಕ್ಕೆಯ ತುದಿಗೆ, ಬೇಕೆಂದಲ್ಲೆಲ್ಲ ಬಳಸುತ್ತಾರೆ. ನನ್ನ ಡಬ್ಬಿಗಳಲ್ಲಿ ಮೊದಲು ಖಾಲಿಯಾಗುವುದು ಯಾವಾಗಲೂ ಇದೇ.

ಓರೆ ರೆಕ್ಕೆಗಳದು ಇನ್ನೊಂದು ಲೆಕ್ಕ. ಟೆಕ್ನಿಕ್ ತೊಲೆಯನ್ನು ಮನಸ್ಸಿಗೆ ಬಂದ ಕೋನದಲ್ಲಿ ಬಿಗಿಯಲು ಹೋದರೆ ತೂತುಗಳು ಕೂಡುವುದಿಲ್ಲ. ಬಾಹುಗಳು ಮೂರು, ನಾಲ್ಕು, ಐದರ ಅಳತೆಯಲ್ಲಿದ್ದರೆ, ಶಾಲೆಯಲ್ಲಿ ಪೈಥಾಗೊರಸ್ ಪ್ರಮೇಯದಲ್ಲಿ ಕಲಿತ ಅದೇ ತ್ರಿಕೋನ, ಎಲ್ಲ ಮೂಲೆಗಳೂ ಬಿಗಿಯಾಗಿ ಕೂರುತ್ತವೆ. ಎಣಿಸಬೇಕಾದದ್ದು ತೂತುಗಳನ್ನಲ್ಲ, ನಡುವಿನ ಅಂತರಗಳನ್ನು. ಅಂದರೆ ನಾಲ್ಕು, ಐದು, ಆರು ತೂತುಗಳ ತೊಲೆಗಳು ಬೇಕು. ಕಾಗದದ ಮೇಲೆ ಓದಿದ ಪ್ರಮೇಯವೊಂದು ಬೆರಳಿನ ಕೆಳಗೆ ಟಕ್ಕೆಂದು ಕೂರುವುದು ನನಗೆ ಇಂದಿಗೂ ದೊಡ್ಡ ಸಂತೋಷ.

ಇದೆಲ್ಲವೂ ಒಟ್ಟಿಗೆ ಸೇರಿ ಬಂದದ್ದು 2022ರಲ್ಲಿ. ಕಂಪನಿ 1932ರಲ್ಲಿ ಆರಂಭವಾದದ್ದು. ಅದರ 90ನೇ ವರ್ಷಕ್ಕೆಂದು ಗ್ಯಾಲಕ್ಸಿ ಎಕ್ಸ್‌ಪ್ಲೋರರ್ ಅನ್ನು 10497 ಎಂಬ ಸಂಖ್ಯೆಯಲ್ಲಿ ಹೊಸದಾಗಿ ಹೊರತಂದರು. ವಿನ್ಯಾಸ ಮೈಕ್ ಸಿಯಾಕಿ ಅವರದು. 1,254 ಬಿಡಿಭಾಗ, 52 ಸೆಂಟಿಮೀಟರ್ ಉದ್ದ. ಹಳೆಯದನ್ನು ಎಲ್ಲ ದಿಕ್ಕಿಗೂ ಸುಮಾರು ಒಂದೂವರೆ ಪಟ್ಟು ಹಿಗ್ಗಿಸಿದಂತಿದೆ. ದೊಡ್ಡವನಾದ ಮೇಲೆ ಕೈಗೆತ್ತಿಕೊಂಡರೂ ಚಿಕ್ಕಂದಿನಲ್ಲಿ ಎಷ್ಟು ದೊಡ್ಡದಾಗಿ ಅನ್ನಿಸುತ್ತಿತ್ತೋ ಅಷ್ಟೇ ದೊಡ್ಡದಾಗಿ ಅನ್ನಿಸಲೆಂದು ಈ ಅಳತೆ. 1979ರ ನೌಕೆಯಲ್ಲಿ ಬಹುಪಾಲು ಸ್ಟಡ್‌ಗಳು ಮೇಲಕ್ಕೇ ಮುಖ ಮಾಡಿದ್ದವು. ಹೊಸದರಲ್ಲಿ ಒಡಲು ಅಡ್ಡವಾಗಿ ಕಟ್ಟಲ್ಪಡುತ್ತದೆ, ರೆಕ್ಕೆಯೊಳಗೆ ಟೆಕ್ನಿಕ್ ತೊಲೆಗಳು ಓಡುತ್ತವೆ, ಇಳಿಗಾಲುಗಳು ಮಡಚಿ ಒಳಗೆ ಸೇರುತ್ತವೆ. ಆದರೂ ದೂರದಿಂದ ನೋಡಿದರೆ ಅದೇ ನೌಕೆ. ರೆಕ್ಕೆ ಹಿಡಿದು ಕೈಯಲ್ಲಿ ಎತ್ತಿ ಹಾರಿಸಿದರೂ ಒಂದು ತುಂಡೂ ಉದುರುವುದಿಲ್ಲ.

ನನ್ನ ಅಳತೆಗೋಲಿಗೆ ಈ ಸೆಟ್ ನಿಲ್ಲುವುದು ಇನ್ನೊಂದು ಕಾರಣಕ್ಕೆ. 1979ರಲ್ಲಿ 928ರ, ಅಂದರೆ ಮೂಲ ಗ್ಯಾಲಕ್ಸಿ ಎಕ್ಸ್‌ಪ್ಲೋರರ್‌ನ, ಜೊತೆಗೆ ಅದರ ಇಬ್ಬರು ತಮ್ಮಂದಿರೂ ಬಂದಿದ್ದರು: 918 ಮತ್ತು 924. ಹೊಸ ಸೆಟ್‌ನ ಬಿಡಿಭಾಗಗಳಿಂದಲೇ ಆ ಎರಡು ನೌಕೆಗಳನ್ನೂ ಕಟ್ಟುವ ಸೂಚನೆಗಳನ್ನು ಕಂಪನಿ ಒದಗಿಸಿತು. ನಾನು ಮೂರನ್ನೂ ಕಟ್ಟಿದ್ದೇನೆ. ದೊಡ್ಡದನ್ನು ಬಿಚ್ಚುವಾಗ ಕೈ ಸ್ವಲ್ಪ ಹಿಂಜರಿಯುತ್ತದೆ, ನಿಜ. ಆದರೆ ಅದೇ ಗಾಜು, ಅದೇ ರೆಕ್ಕೆಯ ತುಂಡುಗಳು ಇನ್ನೊಂದು ಮೈಕಟ್ಟಿನಲ್ಲಿ ಎದ್ದು ನಿಂತದ್ದನ್ನು ಕಂಡ ಮೇಲೆ ನಾಲ್ಕನೆಯದನ್ನು ಸೂಚನೆಯಿಲ್ಲದೆ ಕಟ್ಟುವ ಧೈರ್ಯ ತಾನಾಗಿ ಬರುತ್ತದೆ. 1987ರಲ್ಲಿ ಬಂದ ಬ್ಲ್ಯಾಕ್‌ಟ್ರಾನ್ ಎಂಬ ಲೆಗೊ ಸರಣಿಯ ನೌಕೆಗಳಲ್ಲಿಯೂ ಈ ಗುಣವಿತ್ತು. ಒಂದರ ಭಾಗ ಕಳಚಿ ಇನ್ನೊಂದಕ್ಕೆ ಜೋಡಿಸಬಹುದಿತ್ತು. ಅವುಗಳಲ್ಲಿ ರೆನೆಗೇಡ್ ಎಂಬುದು 2025ರಲ್ಲಿ ಹೊಸ ರೂಪದಲ್ಲಿ ಬಂದಿದೆ. ಕಪ್ಪು ಮತ್ತು ಹಳದಿಯ ಆ ಜೋಡಣೆ ಕ್ಲಾಸಿಕ್ ಸ್ಪೇಸ್‌ನ ಸೌಮ್ಯತೆಗೆ ತದ್ವಿರುದ್ಧ, ಆದರೂ ಸುಂದರ.

ಹಳೆಯ ಸೆಟ್‌ಗಳನ್ನೇ ಹುಡುಕಿ ಕೊಳ್ಳುವವರು ಎರಡು ವಿಷಯ ತಿಳಿದಿರಬೇಕು. ಒಂದು, 2004ರ ಹೊತ್ತಿಗೆ ಲೆಗೊ ತನ್ನ ಬೂದು ಬಣ್ಣವನ್ನೇ ಬದಲಿಸಿತು. ಹಳೆಯ ಬೂದು ತುಸು ಹಳದಿಯ ಕಡೆಗಿತ್ತು, ಹೊಸದು ನೀಲಿಯ ಕಡೆಗಿದೆ. ಕಳೆದುಹೋದ ತುಂಡಿನ ಜಾಗಕ್ಕೆ ಹೊಸದನ್ನು ಹಾಕಿದರೆ ಅದು ತೇಪೆಯಂತೆ ಎದ್ದು ಕಾಣುತ್ತದೆ. ಎರಡು, ಬ್ರಿಕ್‌ಗಳ ಎಬಿಎಸ್ ಪ್ಲಾಸ್ಟಿಕ್‌ಗೆ ಬಿಸಿಲು ಆಗದು. ಬಿಳಿ ಹಳದಿಯಾಗುತ್ತದೆ, ನೀಲಿ ಹಸಿರಿನತ್ತ ತಿರುಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣದಲ್ಲಿ ಮುಳುಗಿಸಿ ಬೆಳಕಿಗಿಟ್ಟು ಬಣ್ಣ ಮರಳಿಸುವವರಿದ್ದಾರೆ. ಮೇಲೆ ಚಿತ್ರ ಮುದ್ರಿಸಿದ ತುಂಡುಗಳಿಗೆ ನಾನು ಅದನ್ನು ಮಾಡುವುದಿಲ್ಲ. ಹಳೆಯ ಗಗನಯಾತ್ರಿಗಳ ಶಿರಸ್ತ್ರಾಣ ಗಲ್ಲದ ಬಳಿ ಸೀಳಿರುವುದು ಸಾಮಾನ್ಯ. ಅಲ್ಲಿ ಪ್ಲಾಸ್ಟಿಕ್ ಬಹಳ ತೆಳು. ಸೀಳಿಲ್ಲದ್ದು ಸಿಕ್ಕರೆ ಬೆಲೆ ಹೆಚ್ಚು.

ಪೆಟ್ಟಿಗೆ ಒಡೆಯದೆ ಇಟ್ಟು, ಉತ್ಪಾದನೆ ನಿಂತ ಮೇಲೆ ಹೆಚ್ಚಿನ ಬೆಲೆಗೆ ಮಾರುವ ಪದ್ಧತಿಯ ಬಗ್ಗೆ ನನಗೆ ದುಃಖವಿದೆ. ಲಾಭ ಬರುತ್ತದೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಆದರೆ ಕಟ್ಟಬೇಕೆಂದು ಆಸೆಪಡುವವರ ಕೈಗೆ ಸೆಟ್ ಎಟುಕದಂತೆ ಮಾಡಿ ಬರುವ ಲಾಭವದು. ನಮ್ಮ ದೇಶದಲ್ಲಿ ಈ ಕಷ್ಟ ಇಮ್ಮಡಿ. ಆಟಿಕೆಗಳ ಆಮದು ಸುಂಕ 2020ರಲ್ಲಿ 20 ಪ್ರತಿಶತದಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಕಡ್ಡಾಯವಾಯಿತು. ಮಕ್ಕಳ ಸುರಕ್ಷತೆಗೆ ಆ ನಿಯಮ ಬೇಕೇ ಬೇಕು. ಆದರೆ ಹೊರದೇಶದ ಮಾರಾಟಗಾರರಿಂದ ಹತ್ತಾರು ಬಿಡಿ ತುಂಡುಗಳನ್ನು ತರಿಸಿಕೊಳ್ಳುವುದು ಇದರಿಂದ ತುಂಬ ತೊಡಕಿನ ಕೆಲಸವಾಗಿದೆ. ಬಿಡಿಭಾಗಗಳನ್ನೇ ಮಾರುವ ಬ್ರಿಕ್‌ಲಿಂಕ್ ಎಂಬ ಜಾಲತಾಣ 2000ದಿಂದಲೂ ಇದೆ, 2019ರಲ್ಲಿ ಲೆಗೊ ಅದನ್ನು ಕೊಂಡುಕೊಂಡಿತು. ಯುರೋಪಿನ ಸಂಗ್ರಾಹಕರಿಗೆ ಅದು ಪಕ್ಕದ ಅಂಗಡಿಯಿದ್ದಂತೆ, ಬೆಂಗಳೂರಿನಲ್ಲಿ ಕೂತ ನಮಗೆ ಹಾಗಲ್ಲ.

ಆದ್ದರಿಂದ ಇಲ್ಲಿ ಆರಂಭಿಸುವವರಿಗೆ ನಾನು ಹೇಳುವುದಿಷ್ಟು. ಒಂದೇ ಬಣ್ಣದ ಕುಟುಂಬವನ್ನು ಆರಿಸಿಕೊಂಡು ಎರಡು ಮೂರು ಸಣ್ಣ ಸೆಟ್‌ಗಳನ್ನು ಕೊಳ್ಳಿ. ಒಂದು ಬೃಹತ್ ಸೆಟ್‌ಗೆ ಹಣವನ್ನೆಲ್ಲ ಹಾಕಬೇಡಿ. ಬಿಚ್ಚಿದ ಮೇಲೆ ಬಣ್ಣವಾರು ವಿಂಗಡಿಸಬೇಡಿ, ಆಕಾರವಾರು ವಿಂಗಡಿಸಿ. ಒಂದೇ ಆಕಾರದ ರಾಶಿಯಲ್ಲಿ ಬೇಕಾದ ಬಣ್ಣ ತಕ್ಷಣ ಕಣ್ಣಿಗೆ ಬೀಳುತ್ತದೆ, ಒಂದೇ ಬಣ್ಣದ ರಾಶಿಯಲ್ಲಿ ಬೇಕಾದ ಆಕಾರ ಹುಡುಕಿದಷ್ಟೂ ಸಿಗುವುದಿಲ್ಲ. ಧೂಳಿಗೆ ಮೆತ್ತನೆಯ ಬ್ರಷ್ ಸಾಕು, ತೊಳೆಯುವುದಾದರೆ ನೀರು 40 ಡಿಗ್ರಿಗಿಂತ ಬಿಸಿಯಾಗಿರಬಾರದು. ನೌಕೆಯನ್ನು ಮೂತಿಯಿಂದ ಕಟ್ಟತೊಡಗುವ ಆಸೆ ಎಲ್ಲರಿಗೂ ಇರುತ್ತದೆ. ಅದನ್ನು ತಡೆದು, ಮೊದಲು ನಡುಬೆನ್ನಿನ ತೊಲೆಯನ್ನು ಬಿಗಿಯಿರಿ. ರೆಕ್ಕೆ ಎಲ್ಲಿ ಸೇರಬೇಕೋ ಅಲ್ಲಿ ತೂತುಗಳಿರಲಿ. ಗಾಜಿನ ತುಂಡನ್ನು ಎದುರಿಗಿಟ್ಟುಕೊಂಡು ಅದರ ಅಗಲಕ್ಕೆ ಒಡಲಿನ ಅಗಲವನ್ನು ಹೊಂದಿಸಿ. ಗಾಜು ಆರು ಸ್ಟಡ್ ಅಗಲವಿದ್ದರೆ ನೌಕೆಯೂ ಆರು ಅಥವಾ ಎಂಟು ಸ್ಟಡ್ ಅಗಲಕ್ಕೆ ಸೊಗಸಾಗಿ ನಿಲ್ಲುತ್ತದೆ.