ಅವನು ನನ್ನನ್ನು ನೋಡಿದ, ಗುರುತು ಹಿಡಿಯಲಿಲ್ಲ

ಮಂಗಳವಾರ ಸಂಜೆ ತಂಗಿಯ ಮಗ ಕಣ್ಣು ಬಿಟ್ಟು ನನ್ನನ್ನೇ ನೋಡಿದ. ನಾನು ಯಾರು ಅಂತ ಅವನಿಗೆ ಗೊತ್ತಾಗಲಿಲ್ಲ. ನಾಲ್ಕು ವರ್ಷದ ಮಗು, ನನ್ನ ಚಪ್ಪಲಿ ಸದ್ದು ಕೇಳಿದರೆ ಸಾಕು, 'ದೊಡ್ಡಮ್ಮ' ಅಂತ ಗೇಟಿಗೆ ಓಡಿ ಬರುತ್ತಿದ್ದ. ಆ ಕಣ್ಣು ಇವತ್ತಿಗೂ ಬಿಡುತ್ತಿಲ್ಲ.

ಎರಡು ದಿನದಿಂದ ಫ್ಲೂ. ವಿಜಯನಗರದಲ್ಲಿ ಈಗ ಯಾರ ಮನೆಯಲ್ಲಿ ಜ್ವರ ಇಲ್ಲ ಹೇಳಿ? ಮಧ್ಯಾಹ್ನದಿಂದ ಮಂಪರು. "ಸುಸ್ತಾಗಿರುತ್ತೆ, ಮಲಗಲಿ ಬಿಡು" ಅಂದವಳು ನಾನೇ. ತಂಗಿಯ ಅತ್ತೆ ಒಬ್ಬರೇ ಒಪ್ಪಲಿಲ್ಲ. "ನಿದ್ದೆಯಿಂದ ಎಬ್ಬಿಸಿದರೆ ಮಗು ಅಳಬೇಕಲ್ವಾ? ಇವನು ಅಳ್ತಿಲ್ಲ ಕಣಮ್ಮಾ." ಎಲ್ಲದರಲ್ಲೂ ತಲೆ ಹಾಕ್ತಾರೆ ಅಂತ ಅವರನ್ನು ನಾನು ದೂರ ಇಟ್ಟಿದ್ದೆ. ಈಗ ಅವರ ಕಾಲಿಗೆ ಬೀಳಬೇಕು ಅನಿಸುತ್ತೆ.

ಆಟೋದಲ್ಲೇ ಫಿಟ್ಸ್ ಬಂತು. ಆಸ್ಪತ್ರೆಯಲ್ಲಿ ನಾನು ಜ್ವರ 102 ಇತ್ತು, ಸಿರಪ್ ಎಷ್ಟು ಹೊತ್ತಿಗೆ ಕೊಟ್ವಿ ಅಂತ ಒಂದೇ ಸಮನೆ ಹೇಳುತ್ತಿದ್ದೆ. ಡ್ಯೂಟಿಯಲ್ಲಿದ್ದ ಹುಡುಗಿ ಡಾಕ್ಟರ್ ಕೇಳಿದ್ದು ಒಂದೇ. "ಅಮ್ಮನ ಗುರುತು ಸಿಗ್ತಿತ್ತಾ?" ಮತ್ತೆ ಕೇಳಿದರು. ಮೂರನೇ ಸಲ ತಂಗಿ ಅತ್ತುಬಿಟ್ಟಳು.

ಆಮೇಲೆ ಅವರು ಕೂತು ಬಿಡಿಸಿ ಹೇಳಿದರು. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ 100ಕ್ಕೆ 2ರಿಂದ 5 ಮಂದಿಗೆ ಜ್ವರದಲ್ಲಿ ಫಿಟ್ಸ್ ಬರುತ್ತೆ. ಹೆಚ್ಚಿನವರು ಸ್ವಲ್ಪ ಹೊತ್ತಿಗೆ ಸರಿಯಾಗಿ ಎಚ್ಚರಾಗುತ್ತಾರೆ, ಏನೂ ಆಗಲ್ಲ. ಫಿಟ್ಸ್ ಐದು ನಿಮಿಷ ದಾಟಿದರೆ, ನಿಂತ ಮೇಲೂ ಮಗು ಎಚ್ಚರಾಗದಿದ್ದರೆ, ಮೊದಲಿನ ಹಾಗೆ ಇರದಿದ್ದರೆ ಕಾಯಬಾರದು. ಫ್ಲೂ ವೈರಸ್ ಮೆದುಳಿಗೆ ನುಗ್ಗಲೇಬೇಕು ಅಂತಿಲ್ಲವಂತೆ. ಅದರ ಜೊತೆ ಹೋರಾಡೋ ನಮ್ಮದೇ ಶಕ್ತಿ ಮಿತಿಮೀರಿ ಕೆರಳಿದರೂ ಮೆದುಳು ಊದಿಕೊಳ್ಳುತ್ತೆ. ತೀರಾ ಕೆಟ್ಟ ಒಂದು ರೂಪದಲ್ಲಿ ಮೆದುಳಿನ ಒಳಗಿರುವ ಥಲಾಮಸ್ ಎರಡೂ ಕಡೆ ಹಾಳಾಗುತ್ತೆ. ಜಪಾನಿನ ಮಿಜುಗುಚಿ ಅನ್ನೋ ಡಾಕ್ಟರ್ ಮತ್ತು ಜೊತೆಗಾರರು 1995ರಲ್ಲಿ ಅದನ್ನು ಬೇರೆ ಕಾಯಿಲೆ ಅಂತ ಗುರುತಿಸಿ ಬರೆದರು. ಎಂಆರ್‌ಐ ಮಾಡಿಸಿದ್ದು ಅದಕ್ಕೇ. ನಮ್ಮವನಿಗೆ ಅದಿರಲಿಲ್ಲ. ಆದರೂ ಕೆರಳಿದ ಆ ಶಕ್ತಿಯನ್ನು ತಗ್ಗಿಸೋಕೆ ಸ್ಟೀರಾಯ್ಡ್ ಆ ರಾತ್ರಿಯೇ ಶುರು ಮಾಡಿದರು.

ಆರು ತಿಂಗಳು ತುಂಬಿದ ಮಕ್ಕಳಿಗೆ ಫ್ಲೂ ಲಸಿಕೆ ಹಾಕಿಸಬಹುದು, ವರ್ಷಕ್ಕೊಮ್ಮೆ. ಸರ್ಕಾರದ ಉಚಿತ ಲಸಿಕೆಗಳಲ್ಲಿ ಇದಿಲ್ಲ, ದುಡ್ಡು ಕೊಡಬೇಕು. ನಮ್ಮ ಹತ್ತಿರ ದುಡ್ಡಿತ್ತು. "ಬರೀ ನೆಗಡಿಗೆ ಯಾಕೆ ಸುಮ್ನೆ ಚುಚ್ಚಿಸೋದು" ಅಂತ ತಂಗಿಯ ಗಂಡ ಮುಂದೆ ಹಾಕಿದರು, ನಾವೂ ತಲೆ ಆಡಿಸಿದೆವು. ಅವರೊಬ್ಬರನ್ನೇ ಬೈಯೋಕೆ ನನಗೆ ಬಾಯಿ ಬರಲ್ಲ.

ನಿನ್ನೆ ಅವನು ಅಮ್ಮನ ಸೆರಗು ಹಿಡಿದು ಹಾಲು ಕೇಳಿದ. ನನ್ನ ಬಳೆಯನ್ನು ಬೆರಳಲ್ಲಿ ತಿರುಗಿಸುತ್ತಾ ತುಂಬಾ ಹೊತ್ತು ಮುಖ ನೋಡಿದ. ದೊಡ್ಡಮ್ಮ ಅಂತ ಇನ್ನೂ ಅಂದಿಲ್ಲ. ನಾಳೆ ಬೆಳಿಗ್ಗೆ ಅದೇ ಬಳೆ ಹಾಕಿಕೊಂಡು ಹೋಗುತ್ತೇನೆ.